ಗೋದಲಿಯ ಪುಟ್ಟ ಸ್ಟೇಷನ್ನಿಗೆ ಯಾವ ಬಣ್ಣ?

ಕ್ರಿಸ್ಮಸ್ ಗೋದಲಿಯ ಬದಿಯಲ್ಲಿ ಆಟದ ರೈಲು ಓಡಿಸುವುದೆಂದರೆ ಮಕ್ಕಳಿಗೆ ಬಲು ಆಸೆ. ಕೊಯಮತ್ತೂರಿನವರಿಗೆ ಮಾದರಿ ಹತ್ತಿರದಲ್ಲೇ ಇದೆ: 1899ರಲ್ಲಿ ಮೇಟ್ಟುಪಾಳಯದಿಂದ ಕೂನೂರಿಗೆ ಓಡತೊಡಗಿ, 2005ರಲ್ಲಿ ವಿಶ್ವ ಪರಂಪರೆಗೆ ಸೇರಿದ ನೀಲಗಿರಿ ರೈಲು. ಅದರ ನೀಲಿ, ಕೆನೆ ಬಣ್ಣದ ಬೋಗಿಗಳು ಎದ್ದು ಕಾಣಲು ಸ್ಟೇಷನ್ನಿಗೆ ಹೊಳಪಿಲ್ಲದ ತಿಳಿಬಣ್ಣವೇ ಚೆಂದ.

ಥರ್ಮಾಕೋಲಿನ ಕಟ್ಟಡಕ್ಕೆ ಸ್ಪ್ರೇ ಪೇಂಟ್, ಥಿನ್ನರ್ ಬೇಡ; ಥರ್ಮಾಕೋಲ್ ಕರಗಿಹೋಗುತ್ತದೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಿ. ಪುಟ್ಟ ಗೋಡೆಯ ಮೇಲೆ ಬಣ್ಣ ಗಾಢವಾಗಿ ಕಾಣುವುದರಿಂದ ತುಸು ಬಿಳಿ ಬೆರೆಸಿ.

ಮನೆಯಲ್ಲಿ ಉಳಿದಿರುವ ಹಳೆಯ ಎನಾಮೆಲ್ ಡಬ್ಬ ಮಾತ್ರ ಮಕ್ಕಳ ಕೈಗೆ ಬೇಡ. ಅದರಲ್ಲಿರಬಹುದಾದ ಸೀಸ ಎಳೆಯ ಮಿದುಳಿಗೆ ಹಾನಿಕರ. ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದೇ 2017ರಲ್ಲಿ. ಬಾಲಯೇಸುವಿಗೆ ಮನೆ ಸಿಂಗರಿಸುವ ಪುಟ್ಟ ಕೈಗಳನ್ನು ಕಾಯುವುದೂ ನಮ್ಮ ಸಿದ್ಧತೆಯ ಭಾಗವಲ್ಲವೇ?