ಅಮಾವಾಸ್ಯೆ ಜ್ವರಕ್ಕೆ ಕ್ಯಾಲೆಂಡರೇ ಸಾಕ್ಷಿ

ನಮ್ಮ ಮಡಕಶಿರಾ ಸೀಮೆಯಲ್ಲಿ ಮನೆಮಾತು ಕನ್ನಡ, ಸಂತೆ ಮಾತು ತೆಲುಗು. ಮಗುವಿಗೆ ಜ್ವರ ಬಂದರೆ ಮಾತ್ರ ಎರಡು ಭಾಷೆಯಲ್ಲೂ ಬುದ್ಧಿ ಹೇಳೋರು ಬರುತ್ತಾರೆ.

ಮೂರು ವರ್ಷದ ನನ್ನ ಮೊಮ್ಮಗನಿಗೆ ಒಂದು ಅಮಾವಾಸ್ಯೆ ದಿನ 103 ಡಿಗ್ರಿ ಜ್ವರ. ಗಂಟಲು ಕೆಂಪು, ಬಾಯಲ್ಲಿ ಹುಣ್ಣು, ಕುತ್ತಿಗೆಯಲ್ಲಿ ಗಂಟು. ಐದನೇ ದಿನ ಜ್ವರ ಇಳಿದು ಹುಡುಗ ಕರುವಿನ ಹಾಗೆ ಕುಣಿದ. ತಿಂಗಳು ತುಂಬುವ ಮೊದಲೇ ಮತ್ತೆ ಅದೇ ಕಥೆ. ‘ಅಮಾವಾಸ್ಯೆ ಜ್ವರ’ ಅಂತ ಊರು ಹೆಸರಿಟ್ಟಿತು. ದಿಷ್ಟಿ ತೆಗೆದದ್ದಾಯಿತು, ತಾಯತ ಕಟ್ಟಿದ್ದಾಯಿತು. ಪ್ರತಿ ಸಲವೂ ಇಂಜೆಕ್ಷನ್, ಆಂಟಿಬಯೋಟಿಕ್. ‘ತಣ್ಣೀರು ಕುಡಿಸ್ತಾಳೆ’ ಅಂತ ಸೊಸೆಯ ಮೇಲೆ ತಪ್ಪು ಹೊರಿಸಿದವರಲ್ಲಿ ನಾನೂ ಒಬ್ಬ.

ಕೊನೆಗೆ ಮಕ್ಕಳ ಡಾಕ್ಟರೊಬ್ಬರು, ‘ಯಜಮಾನ್ರೇ, ಜ್ವರ ಬಂದ ದಿನವನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಮಾಡಿ’ ಅಂದರು. ಮೆಡಿಕಲ್ ಷಾಪಿನ ಚೀಟಿ ಹುಡುಕಿ ಹಿಂದಿನವನ್ನೂ ಬರೆದೆ. ಅಮಾವಾಸ್ಯೆ, ದ್ವಾದಶಿ, ಅಷ್ಟಮಿ, ಪಂಚಮಿ! ತಿಥಿ ಜಾರುತ್ತಿತ್ತು, 26 ದಿನದ ಲೆಕ್ಕ ಮಾತ್ರ ಜಾರಲಿಲ್ಲ.

ಮಲೇರಿಯಾ, ಟೈಫಾಯಿಡ್, ಮೂತ್ರದ ಸೋಂಕು ಯಾವುದೂ ಇಲ್ಲವೆಂದು ಪರೀಕ್ಷೆಯಲ್ಲಿ ಖಾತ್ರಿಯಾಯಿತು. ಬಿಳಿ ರಕ್ತಕಣ ಕಡಿಮೆಯಾಗಿ ಸುಮಾರು 21 ದಿನಕ್ಕೊಮ್ಮೆ ಬರುವ ಜ್ವರವೂ ಉಂಟಂತೆ, ಅದನ್ನೂ ನೋಡಿದರು. ಇದರ ಹೆಸರು ‘ಪಿಎಫ್‌ಎಪಿಎ’. 1987ರಲ್ಲಿ ಅಮೆರಿಕದ ವೈದ್ಯರು ಮೊದಲು ವಿವರಿಸಿದ್ದು. ಸಾಮಾನ್ಯವಾಗಿ ಐದು ವರ್ಷದೊಳಗೆ ಶುರುವಾಗಿ, 3ರಿಂದ 6 ವಾರಕ್ಕೊಮ್ಮೆ ಬರುತ್ತದೆ. ಅಂಟುರೋಗವಲ್ಲ, ಮೈಯ ಕಾವಲು ಪಡೆ ಕಳ್ಳನಿಲ್ಲದೆಯೇ ಕೂಗೆಬ್ಬಿಸುತ್ತದೆ. ಆದ್ದರಿಂದ ಆಂಟಿಬಯೋಟಿಕ್ ಇದಕ್ಕೆ ನಾಟುವುದಿಲ್ಲ. ನಡುವಿನ ದಿನಗಳಲ್ಲಿ ಮಗು ಆರೋಗ್ಯವಾಗಿದ್ದು ಚೆನ್ನಾಗಿ ಬೆಳೆಯುತ್ತದೆ. ಹೆಚ್ಚಿನ ಮಕ್ಕಳಿಗೆ ಕೆಲವು ವರ್ಷಗಳಲ್ಲಿ ತಾನಾಗಿಯೇ ಬಿಟ್ಟುಹೋಗುತ್ತದೆ.

ಪ್ಯಾರಸಿಟಮಾಲ್ ಕೊಟ್ಟರೆ ತಾತ್ಕಾಲಿಕ ಆರಾಮ. ಜ್ವರ ಶುರುವಾದಾಗ ತೂಕ ನೋಡಿ ಒಂದು ಡೋಸ್ ಪ್ರೆಡ್ನಿಸೊಲೋನ್ ಕೊಟ್ಟರೆ ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಆದರೆ ಮುಂದಿನ ಜ್ವರ ಬೇಗ ಬರುವುದೂ ಉಂಟು. ಇದು ಸ್ಟೆರಾಯ್ಡ್, ಡಾಕ್ಟರನ್ನು ಕೇಳದೆ ಅಂಗಡಿಯಿಂದ ತಂದು ಕೊಡಬೇಡಿ. ಕಾಟ ನಿಲ್ಲದಿದ್ದರೆ ಕೆಲವರಿಗೆ ಟಾನ್ಸಿಲ್ ಆಪರೇಷನ್ ಮಾಡುತ್ತಾರೆ. ಫಿಟ್ಸ್, ಉಬ್ಬಸ, ಮಂಪರು ಬಂದರೆ, ನೀರು ಕುಡಿಯದಿದ್ದರೆ, ಅಥವಾ ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಲೆಕ್ಕ ಹಾಕುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಓಡಿ.

ಶೇಂಗಾ ಬಿತ್ತಿದ ದಿನ, ಮಳೆ ಬಿದ್ದ ದಿನ ಬರೆದಿಡೋ ನಾವು ಮಗುವಿನ ಜ್ವರದ ದಿನ ಬರೆದಿಡಬಾರದೇ? ಆ ಕ್ಯಾಲೆಂಡರ್ ಇನ್ನೂ ಮೊಳೆಯಲ್ಲೇ ನೇತಾಡ್ತಿದೆ. ಈಗ ಗುರುತು ಹಾಕೋಳು ಸೊಸೆ. ‘ತಪ್ಪು ನಿನ್ನದಲ್ಲಮ್ಮ’ ಅಂತ ಅವಳಿಗೆ ಹೇಳೋದಕ್ಕೆ ನನಗೆ ಐದು ಜ್ವರ ಬೇಕಾಯಿತು.