ಎಚ್.ಐ.ವಿ. ಬಾಧಿತರ ಆಹಾರವೂ ನಮ್ಮ ಕಣದ ಕಾಳುಗಳೂ

ಬೀದರ ಜಿಲ್ಲೆಯು ತೊಗರಿ, ಹೆಸರು, ಉದ್ದು, ಕಡಲೆಗಳಿಗೆ ಹೆಸರಾದದ್ದು. ಭಾಲ್ಕಿ, ಔರಾದ ತಾಲೂಕುಗಳಲ್ಲಿ ಸೋಯಾ ಅವರೆಯ ಬೇಸಾಯವೂ ಬಹಳವಾಗಿ ಹರಡಿರುವುದು. ಆದರೆ ರಾಶಿಯಾದ ಕಾಳು ಕಣದಿಂದಲೇ ಅಡತಿಗೆ ಸಾಗಿ, ಬೆಳೆದವನ ಮನೆಯಲ್ಲಿಯೇ ಬೇಳೆಗೆ ಕೊರತೆ ಬೀಳುವುದುಂಟು. ಎಚ್.ಐ.ವಿ. ಸೋಂಕು ತಗುಲಿದವರಿರುವ ಮನೆಯಲ್ಲಿ ಈ ಕೊರತೆಯು ವಿಶೇಷ ಅಪಾಯಕರವು.

ಈ ವೈರಾಣುವು ರಕ್ತದಲ್ಲಿ ರೋಗವನ್ನೆದುರಿಸುವ ಸಿ.ಡಿ.4 ಕಣಗಳನ್ನೇ ನಾಶಗೊಳಿಸುವುದು. ಅದರೊಡನೆ ಹೋರಾಡುವುದರಲ್ಲಿ ದೇಹದ ಶಕ್ತಿಯು ಹೆಚ್ಚಾಗಿ ವ್ಯಯವಾಗುವುದು. ಜ್ವರ, ಭೇದಿಗಳಾದರೆ ಉಂಡದ್ದೂ ಮೈಗೆ ಹತ್ತದು. ಮೈ ಸೊರಗಿದಷ್ಟೂ ಕ್ಷಯವೇ ಮೊದಲಾದ ರೋಗಗಳಿಗೆ ದಾರಿ ತೆರೆದಂತಾಗುವುದು. ರೋಗಲಕ್ಷಣಗಳಿಲ್ಲದ ವಯಸ್ಕರಿಗೆ ಶೇಕಡಾ 10ರಷ್ಟು, ಲಕ್ಷಣಗಳಿರುವವರಿಗೆ 20ರಿಂದ 30ರಷ್ಟು ಹೆಚ್ಚಿನ ಆಹಾರಶಕ್ತಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿ ತಿಳಿಸಿತು. ನಮ್ಮ ಲೆಕ್ಕದಲ್ಲಿ ಮೊದಲನೆಯದು ದಿನಕ್ಕೆ ಒಂದು ದೊಡ್ಡ ಜೋಳದ ರೊಟ್ಟಿ ಹೆಚ್ಚು, ಅಷ್ಟೆ. ಹಸಿವು ಕುಂದಿದವರು ಸ್ವಲ್ಪ ಸ್ವಲ್ಪವಾಗಿ ಐದಾರು ಸಾರಿ ಉಣ್ಣುವುದು ಯೋಗ್ಯವು.

ಆಹಾರವು ಔಷಧದ ಸ್ಥಾನವನ್ನು ತುಂಬಲಾರದು. ಎ.ಆರ್.ಟಿ. ಔಷಧಗಳು 2004ರಿಂದ ಸರ್ಕಾರದ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತಿವೆ, 2017ರಿಂದ ಸಿ.ಡಿ.4 ಎಣಿಕೆಯು ಎಷ್ಟೇ ಇರಲಿ, ಸೋಂಕಿತರೆಲ್ಲರಿಗೂ ಕೊಡಲ್ಪಡುತ್ತವೆ. ಇವನ್ನು ಬಿಟ್ಟು ಸಂತೆಯ ಶಕ್ತಿಪುಡಿಗಳಿಗೆ ಹಣ ಸುರಿಯುವುದು ಎರಡು ಬಗೆಯ ನಷ್ಟವು. ಕಬ್ಬಿಣ, ಸುಣ್ಣದ ಅಂಶಗಳ ಮಾತ್ರೆಗಳನ್ನು ಸೇವಿಸುವವರು ಅದನ್ನು ವೈದ್ಯರಿಗೆ ತಿಳಿಸತಕ್ಕದ್ದು. ಡೊಲುಟೆಗ್ರಾವಿರ್ ಎಂಬ ಔಷಧವನ್ನು ಬರಿಹೊಟ್ಟೆಯಲ್ಲಿ ಅವುಗಳೊಡನೆ ನುಂಗಿದರೆ ಅದು ರಕ್ತಕ್ಕೆ ಸರಿಯಾಗಿ ಸೇರದು.

ಜೋಳದಲ್ಲಿ ಲೈಸೀನ್ ಎಂಬ ಸಾರಾಂಶವು ಕಡಿಮೆ, ಬೇಳೆಯಲ್ಲಿ ಹೇರಳ. ರೊಟ್ಟಿಯೊಡನೆ ಗಟ್ಟಿ ಬೇಳೆಯನ್ನುಣ್ಣುವ ನಮ್ಮ ಹಿರಿಯರ ಪದ್ಧತಿಯು ಹೀಗೆ ಶಾಸ್ತ್ರಸಮ್ಮತವಾದದ್ದೇ. ಬೇಳೆ ಹೋಗಿ ತಿಳಿಸಾರು ಮಾತ್ರ ಉಳಿದರೆ ಅದರ ಗುಣವು ಹೋಯಿತು. ಸೋಯಾ ಅವರೆಯಲ್ಲಿ ನೂರಕ್ಕೆ ಸುಮಾರು 40 ಭಾಗ ಸಸಾರಜನಕವುಂಟು. ಆದರೆ ಹಸಿಯಾಗಿ ತಿಂದರೆ ಜೀರ್ಣವಾಗದು. ನೆನೆಯಿಸಿ, ಚೆನ್ನಾಗಿ ಬೇಯಿಸಿ, ಒಣಗಿಸಿ, ಹತ್ತರಲ್ಲೊಂದು ಪಾಲು ಜೋಳದೊಡನೆ ಬೀಸಿಕೊಳ್ಳಬಹುದು. ಪುಂಡಿಪಲ್ಲೆ, ನುಗ್ಗೆಸೊಪ್ಪು, ಪೇರಲಹಣ್ಣು, ಸಾಧ್ಯವಿದ್ದವರಿಗೆ ತತ್ತಿ, ಇವೂ ಇರಲಿ.

ಬೂಷ್ಟು ಹಿಡಿದ ಶೇಂಗಾ ಯಕೃತ್ತಿಗೆ ವಿಷವು. ಅದನ್ನು ಆರಿಸಿ ಎಸೆಯತಕ್ಕದ್ದು. ಹುರಿದರೂ ಆ ವಿಷವು ಪೂರ್ತಿ ಹೋಗದು. ಹಾಲನ್ನೂ ಕುಡಿಯುವ ನೀರನ್ನೂ ಕಾಯಿಸದೆ ಕೊಡಬಾರದು.

ಕೆಲವು ಮನೆಗಳಲ್ಲಿ ಇಂಥವರ ತಾಟನ್ನೇ ಬೇರೆ ಇಡುವರು. ಒಂದೇ ಪಂಕ್ತಿಯಲ್ಲಿ ಉಂಡರೆ, ಒಂದೇ ತಂಬಿಗೆಯ ನೀರು ಕುಡಿದರೆ ಈ ಸೋಂಕು ಹರಡುವುದಿಲ್ಲ. ಬೇರೆ ಕುಳ್ಳಿರಿಸಲ್ಪಟ್ಟವನು ಅರೆಹೊಟ್ಟೆಯಲ್ಲಿ ಏಳುವನೆಂಬುದನ್ನು ಮನೆಯವರು ಗಮನಿಸಲಿ.

ಒಬ್ಬರಿಗೆ ದಿನಕ್ಕೆ 60 ಗ್ರಾಂ ಬೇಳೆಯಂತೆ ವರ್ಷಕ್ಕೆ ಸುಮಾರು 22 ಕಿಲೋ ಆಗುವುದು. ಇದಕ್ಕೆ ಸುಮಾರು 30 ಕಿಲೋ ತೊಗರಿ ಸಾಕು. ರಾಶಿಯ ದಿನವೇ ಇಷ್ಟನ್ನು ಚೆನ್ನಾಗಿ ಒಣಗಿಸಿ, ತೇವ ತಗಲದ ಡಬ್ಬಿಯಲ್ಲಿ ಮುಚ್ಚಿಟ್ಟು, ಮಿಕ್ಕದ್ದನ್ನು ಗಾಡಿಗೆ ಹೇರತಕ್ಕದ್ದು.