ಚಾರಣದ ಚಾಕು: ಅಂದ ಬೇಡ, ಹರಿತ ಇರಲಿ

ಮಳೆ ಹಿಂದೆ ಸರಿದು ಬೆಟ್ಟಗಳು ಹಸಿರಾಗಿ ನಿಂತರೆ ಸಾಕು, ಕಾಲೇಜು ಗೆಳೆಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಚಾರಣದ ಮಾತು ಶುರುವಾಗುತ್ತದೆ. ಶೂ, ಟೆಂಟು, ಟಾರ್ಚು ಎಂದು ಪಟ್ಟಿ ಬೆಳೆದು ಕೊನೆಗೆ ಯಾರಾದರೊಬ್ಬರು ‘ಒಂದು ಚಾಕು ತಗೊಳ್ಳೋಣ ಕಣ್ರೋ’ ಅನ್ನುತ್ತಾರೆ. ಆಮೇಲೆ ಬರುವ ಲಿಂಕ್‌ಗಳನ್ನು ನೋಡಬೇಕು! ಬೆನ್ನ ಮೇಲೆ ಗರಗಸದ ಹಲ್ಲು, ಹಿಡಿಯೊಳಗೆ ದಿಕ್ಸೂಚಿ, ಅಲಗಿಗೆ ಕಪ್ಪು ಬಣ್ಣ. ಸಿನಿಮಾದ ಹೀರೊ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥವು. ಅಂಥದ್ದರಲ್ಲಿ ಒಂದು ಟೊಮೆಟೊ ಹೆಚ್ಚಲು ಹೋಗಿ, ಅದು ಹೋಳಾಗುವ ಬದಲು ಅಪ್ಪಚ್ಚಿಯಾಗುತ್ತದೆ.

ಪಾಕೆಟ್ ಮನಿ ಕೂಡಿಟ್ಟು, ಇಲ್ಲವೇ ಮೊದಲ ಸ್ಟೈಪೆಂಡ್‌ನಲ್ಲಿ ಚಾಕು ಕೊಳ್ಳುವವರು ಒಂದು ಪ್ರಶ್ನೆ ಕೇಳಿಕೊಂಡರೆ ದುಡ್ಡು ಉಳಿಯುತ್ತದೆ. ಇದು ಕತ್ತರಿಸುತ್ತದೆಯೇ?

ಮಚ್ಚು ಮತ್ತು ಈಳಿಗೆಯ ಪಾಠ

ಕಾಡಿನಲ್ಲಿ ಕಡಿಮೆ ಸಲಕರಣೆಯಲ್ಲಿ ನೆರಳು, ಬೆಂಕಿ, ಊಟ ಹೊಂದಿಸಿಕೊಳ್ಳುವ ಕೈಕೆಲಸಕ್ಕೆ ಬುಷ್‌ಕ್ರಾಫ್ಟ್ ಎನ್ನುತ್ತಾರೆ. ಈ ಕೆಲಸದಲ್ಲಿ ಚಾಕುವಿನ ಪಾಲು ಏನೆಂದು ನೋಡಿ. ಹಗ್ಗ ಕತ್ತರಿಸುವುದು, ಟೆಂಟಿನ ಗೂಟದ ತುದಿ ಚೂಪು ಮಾಡುವುದು, ಒಣಕಡ್ಡಿಯನ್ನು ಸುರುಳಿ ಸುರುಳಿಯಾಗಿ ಹೆರೆದು ಬೆಂಕಿಗೆ ಒದಗಿಸುವುದು, ಈರುಳ್ಳಿ ಹೆಚ್ಚುವುದು. ಇವೆಲ್ಲ ಹೆರೆಯುವ, ಕೊಯ್ಯುವ ಕೆಲಸಗಳು. ಮರ ಕಡಿಯುವ ಕೆಲಸ ಇದರಲ್ಲಿಲ್ಲ.

ಇದಕ್ಕೆ ಎಂಥ ಅಲಗು ಬೇಕು ಎಂಬುದು ನಮ್ಮ ಮನೆಗಳಲ್ಲೇ ಗೊತ್ತಿರುವ ಸಂಗತಿ. ಎಳನೀರು ಕೆತ್ತುವ ಮಚ್ಚಿನ ಬೆನ್ನು ದಪ್ಪ. ಅದು ತೂಕದಿಂದ ಬಡಿದು ಸೀಳುತ್ತದೆ. ಹುರುಳಿಕಾಯಿ ಹೆಚ್ಚುವ ಈಳಿಗೆ ತೆಳುವಾಗಿರುತ್ತದೆ, ಬಲ ಹಾಕದೆಯೇ ಕೊಯ್ಯುತ್ತದೆ. ಮಚ್ಚಿನಲ್ಲಿ ಹುರುಳಿಕಾಯಿ ಹೆಚ್ಚುವವರಿಲ್ಲ. ಆದರೂ ಆನ್‌ಲೈನ್‌ನಲ್ಲಿ ‘ಸರ್ವೈವಲ್ ನೈಫ್’ ಎಂದು ಕೊಳ್ಳುವಾಗ ಬಹಳಷ್ಟು ಮಂದಿ ಮಚ್ಚಿನ ದಪ್ಪ ಇರುವ ಚಾಕುವನ್ನೇ ಆರಿಸುತ್ತಾರೆ. ‘ಗಟ್ಟಿಯಾಗಿದೆ’ ಎಂಬ ಸಮಾಧಾನ! ಐದು ಮಿ.ಮೀ. ದಪ್ಪದ ಅಲಗು ಕ್ಯಾರೆಟ್‌ನೊಳಗೆ ಇಳಿಯುವಾಗ ಬೆಣೆಯಂತೆ ಸೀಳಿ ಅದನ್ನು ಲಟಕ್ಕೆಂದು ಮುರಿಯುತ್ತದೆ. ಎರಡೂವರೆ ಮಿ.ಮೀ. ಅಲಗು ಸಲೀಸಾಗಿ ದಾಟುತ್ತದೆ. ಉಕ್ಕಿನ ಹೆಸರಿಗಿಂತ ಮೊದಲು ಅಲಗಿನ ಈ ಆಕಾರವನ್ನು ನೋಡಬೇಕು.

ಮೊರಾ ಹೇಳುವ ಕಥೆ

ಅಗ್ಗದ ಚಾಕು ಚೆನ್ನಾಗಿ ಕತ್ತರಿಸಬಹುದು ಎಂಬುದಕ್ಕೆ ಜಗತ್ತಿನ ಬುಷ್‌ಕ್ರಾಫ್ಟ್ ಆಸಕ್ತರೆಲ್ಲ ಕೊಡುವ ಉದಾಹರಣೆ ಸ್ವೀಡನ್ನಿನದು. ಅಲ್ಲಿನ ಮೊರಾ ಎಂಬ ಊರಿನಲ್ಲಿ 1891ರಿಂದ ಚಾಕು ತಯಾರಾಗುತ್ತಿವೆ. ಬಡಗಿಗಳು, ಕಟ್ಟಡ ಕಾರ್ಮಿಕರು ದಿನವೂ ಬಳಸುವ ಸಾದಾ ಚಾಕು ಅದು. ‘ಕಂಪ್ಯಾನಿಯನ್’ ಎಂಬ ಮಾದರಿಯ ಅಲಗು ಸುಮಾರು 10 ಸೆಂ.ಮೀ. ಉದ್ದ, ಎರಡೂವರೆ ಮಿ.ಮೀ. ದಪ್ಪ. ಹಿಡಿ ರಬ್ಬರು ಸೇರಿದ ಪ್ಲಾಸ್ಟಿಕ್, ಒರೆಯೂ ಪ್ಲಾಸ್ಟಿಕ್. ನೋಡಲು ಆಟಿಕೆಯಂತಿದೆ. ಆದರೆ ಅಲಗಿನ ಎರಡೂ ಬದಿ ಮಧ್ಯದಿಂದ ಅಂಚಿನವರೆಗೆ ಒಂದೇ ಇಳಿಜಾರಾಗಿ ಇಳಿಯುತ್ತದೆ. ಇದಕ್ಕೆ ಸ್ಕ್ಯಾಂಡಿ ಗ್ರೈಂಡ್ ಎಂದು ಹೆಸರು. ಕಡ್ಡಿ ಹೆರೆಯಲು ಇದಕ್ಕಿಂತ ಹೊಂದುವ ಆಕಾರ ಸಿಗುವುದು ಕಷ್ಟ. ಹೊಸಬರಿಗೆ ಇನ್ನೊಂದು ಲಾಭವಿದೆ. ಆ ಇಳಿಜಾರನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಇಟ್ಟರೆ ಮಸೆಯುವ ಕೋನ ತಾನಾಗಿಯೇ ಸಿಗುತ್ತದೆ.

ಮಡಚುವ ಚಾಕು ಬೇಕೆನ್ನುವವರಿಗೆ ಫ್ರಾನ್ಸ್‌ನ ಒಪಿನೆಲ್ ಇದೆ. 1890ರಿಂದ ಬಂದಿರುವ ವಿನ್ಯಾಸ. ಮರದ ಹಿಡಿ, ತಿರುಗಿಸಿ ಬಿಗಿ ಮಾಡುವ ಉಂಗುರ. ಎಂಟನೇ ನಂಬರಿನ ಅಲಗು 8.5 ಸೆಂ.ಮೀ. ಈಳಿಗೆಯಷ್ಟೇ ತೆಳುವಾಗಿ ಹಣ್ಣು, ತರಕಾರಿ ಕೊಯ್ಯುತ್ತದೆ. ಮಳೆಯಲ್ಲಿ ಮರ ಉಬ್ಬಿ ಅಲಗು ಬಿಚ್ಚುವುದು ಬಿಗಿಯಾಗುತ್ತದೆ ಎಂಬುದೊಂದೇ ಕೊರತೆ.

ಊರ ಕುಲುಮೆಯೂ ಒಂದು ಅಂಗಡಿ

ವಿದೇಶಿ ಚಾಕು ಇಲ್ಲಿಗೆ ಬರುವಷ್ಟರಲ್ಲಿ ಆಮದು ಖರ್ಚು ಸೇರಿ ಬೆಲೆ ಏರುತ್ತದೆ. ಅಷ್ಟು ಖರ್ಚು ಮಾಡಲಾಗದವರಿಗೆ ದಾರಿ ಇಲ್ಲವೇ? ಖಂಡಿತ ಇದೆ. ತಾಲ್ಲೂಕು ಕೇಂದ್ರದಲ್ಲೋ ಸಂತೆ ನಡೆಯುವ ಊರಲ್ಲೋ ಕುಲುಮೆ ಇನ್ನೂ ಉರಿಯುತ್ತಿದ್ದರೆ ಅಲ್ಲಿಗೆ ಹೋಗಿ. ಕುಡುಗೋಲು, ಮಚ್ಚು ಮಾಡಲು ಕಮ್ಮಾರರು ಹೆಚ್ಚಾಗಿ ಬಳಸುವುದು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು. ಚೆನ್ನಾಗಿ ಹದ ಹಿಡಿಯುವ ಉಕ್ಕು ಅದು. ಆದರೆ ಪಟ್ಟಿ ದಪ್ಪವಿರುವುದರಿಂದ ಹೇಳದೇ ಹೋದರೆ ನಿಮ್ಮ ಕೈಗೆ ಸಣ್ಣ ಮಚ್ಚೇ ಬರುತ್ತದೆ! ‘ಬೆನ್ನು ಮೂರು ಮಿ.ಮೀ. ಸಾಕು, ಅಂಚಿನ ಕಡೆ ಇನ್ನೂ ತೆಳುವಾಗಿ ಬಡಿದು ಕೊಡಿ, ಬಾಯಿಗೆ ಹದ ಹಾಕಿ’ ಎಂದು ಬಿಡಿಸಿ ಹೇಳಬೇಕು.

ಹದ ಬಂದಿದೆಯೇ ಎಂದು ತಿಳಿಯಲು ಅರದಿಂದ ಅಂಚನ್ನು ಹಗುರಾಗಿ ಒಮ್ಮೆ ಉಜ್ಜಿ ತೋರಿಸಲು ಕೇಳಿ. ಅರ ಜಾರಿದರೆ ಉಕ್ಕು ಗಟ್ಟಿಯಾಗಿದೆ. ಸಲೀಸಾಗಿ ಕಚ್ಚಿ ಪುಡಿ ಉದುರಿಸಿದರೆ ಮೆತ್ತಗಿದೆ, ಬೇಗ ಮೊಂಡಾಗುತ್ತದೆ. ಈ ಉಕ್ಕಿಗೆ ತುಕ್ಕು ಹಿಡಿಯುತ್ತದೆ ನಿಜ. ಬಳಸಿದ ಮೇಲೆ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಆಯಿತು. ಅಷ್ಟು ವ್ಯವಧಾನ ಇಲ್ಲದವರು, ಕರಾವಳಿಯ ತೇವದಲ್ಲಿ ಓಡಾಡುವವರು ಸ್ಟೇನ್‌ಲೆಸ್ ಆರಿಸಿಕೊಳ್ಳುವುದು ಒಳ್ಳೆಯದು. ಯಾವ ಉಕ್ಕು ಎಂಬುದನ್ನೇ ನಮೂದಿಸದೆ ಬರೀ ‘ಸ್ಟೇನ್‌ಲೆಸ್’ ಎಂದು ಬರೆದ, ಫೋಟೊದಲ್ಲಿ ಮಾತ್ರ ಮಿರುಗುವ ಚಾಕುಗಳಿಂದ ದೂರವಿರಿ.

ಕೊಳ್ಳುವಾಗ ಗಮನಿಸಿ

ಚಾಕು ಕೈಗೆ ಬಂದಾಗ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಹರಿತವಾದ ಅಂಚು ಬೆಳಕನ್ನು ಹಿಂತಿರುಗಿಸುವುದಿಲ್ಲ. ಬಿಳಿ ಚುಕ್ಕಿ, ಗೆರೆ ಮಿನುಗಿದರೆ ಅಲ್ಲಿ ಮೊಂಡು ಎಂದರ್ಥ. ಹಳೆಯ ದಿನಪತ್ರಿಕೆಯ ಹಾಳೆಯನ್ನು ಒಂದು ಕೈಯಲ್ಲಿ ಹಿಡಿದು ಕತ್ತರಿಸಿ. ಹರಿಯದೆ, ಸಿಕ್ಕಿಕೊಳ್ಳದೆ ಇಳಿದರೆ ಪಾಸ್. ಹಿಡಿಯನ್ನು ಬಿಗಿಯಾಗಿ ಹಿಡಿದು ಹತ್ತು ನಿಮಿಷ ಒಂದು ಕಡ್ಡಿ ಹೆರೆದರೆ ಅಂಗೈಗೆ ಎಲ್ಲಿ ಒತ್ತುತ್ತದೆ ಎಂಬುದು ಗೊತ್ತಾಗುತ್ತದೆ. ಬೆರಳಿಗೆಂದು ಮಾಡಿದ ಅಲಂಕಾರದ ಉಬ್ಬುತಗ್ಗುಗಳೇ ಬೊಕ್ಕೆ ತರಿಸುವುದು ಹೆಚ್ಚು. ಹಿಡಿಯಲ್ಲಿ ದಿಕ್ಸೂಚಿ ಇಡಲು ಟೊಳ್ಳು ಮಾಡಿದ್ದರೆ ಅಲಗಿನ ಬುಡ ಒಳಗೆ ಚೋಟುದ್ದವೂ ಹೋಗಿರುವುದಿಲ್ಲ. ಬಲ ಬಿದ್ದರೆ ಮುರಿಯುವುದು ಅಲ್ಲೇ.

ಬಜೆಟ್‌ನಲ್ಲಿ ಕಾಲು ಭಾಗವನ್ನು ಸಾಣೆಕಲ್ಲಿಗೆ ಎತ್ತಿಡಿ. ಎಷ್ಟೇ ಬೆಲೆಯ ಚಾಕುವಾದರೂ ಬಳಸುತ್ತ ಮೊಂಡಾಗುವುದೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬದಿ ಒರಟು, ಇನ್ನೊಂದು ಬದಿ ನಯ ಇರುವ ಕಲ್ಲು ಸಿಗುತ್ತದೆ. ಒಂದು ಬದಿ ಮಸೆಯುತ್ತ ಹೋದರೆ ಅಂಚಿನ ಮತ್ತೊಂದು ಬದಿಯಲ್ಲಿ ಕೂದಲೆಳೆಯಂಥ ಏಣು ಬೆರಳಿಗೆ ತಾಗುತ್ತದೆ. ಆಗ ಬದಿ ಬದಲಿಸಿ. ನಯವಾದ ಬದಿಯಲ್ಲಿ ಮುಗಿಸಿ, ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಹಿಮ್ಮುಖವಾಗಿ ಹತ್ತಿಪ್ಪತ್ತು ಸಲ ಎಳೆದರೆ ಆ ಏಣು ಹೋಗಿ ಹರಿತ ಬರುತ್ತದೆ. ಇದನ್ನು ಕಲಿತವರ ಕೈಯಲ್ಲಿ ಹಣ್ಣು ಕತ್ತರಿಸುವ ಸಾದಾ ಅಡುಗೆ ಚಾಕುವೂ ದುಬಾರಿ ಚಾಕುವಿಗೆ ಸಡ್ಡು ಹೊಡೆಯುತ್ತದೆ. ಮೊಂಡು ಚಾಕು ಹೆಚ್ಚು ಬಲ ಕೇಳುತ್ತದೆ. ಬಲ ಹಾಕಿದಾಗಲೇ ಜಾರಿ ಬೆರಳಿಗೆ ಬೀಳುವುದು.

ಕಾನೂನು ಮರೆಯಬೇಡಿ

ಶಸ್ತ್ರಾಸ್ತ್ರ ನಿಯಮಗಳು-2016 ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಗೆ ಸೇರಿಸಿವೆ. ಮನೆ, ಕೃಷಿಯಂಥ ಕೆಲಸಗಳಿಗೆಂದು ಮಾಡಿದವಕ್ಕೆ ವಿನಾಯಿತಿ ಇದೆ. ನಾಲ್ಕು ಇಂಚಿನ ಚಾಕು ಈ ಅಳತೆಯೊಳಗೇ ಬರುತ್ತದೆ, ಕೆಲಸಕ್ಕೂ ಸಾಕು. ಹಾಗೆಂದು ಸೊಂಟಕ್ಕೆ ಕಟ್ಟಿಕೊಂಡು ಬಸ್ ನಿಲ್ದಾಣದಲ್ಲಿ ತಿರುಗುವುದು ಬೇಡ. ಒರೆಯಲ್ಲಿಟ್ಟು ಬ್ಯಾಗಿನ ತಳಕ್ಕೆ ಸೇರಿಸಿ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ.

ಚಾರಣಿಗರು ಅಷ್ಟಾಗಿ ಗಮನಿಸದ ಮಾತು ಇನ್ನೊಂದಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ-1972ರ ಪ್ರಕಾರ ‘ಆಯುಧ’ ಎಂಬುದರಲ್ಲಿ ಚಾಕುವೂ ಸೇರಿದೆ. ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಆಯುಧದೊಂದಿಗೆ ವನ್ಯಜೀವಿ ಧಾಮ, ರಾಷ್ಟ್ರೀಯ ಉದ್ಯಾನ ಪ್ರವೇಶಿಸುವಂತಿಲ್ಲ. ಕುಮಾರಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಲ್ಲಿಗೆ ಹೊರಟ ದಿನ ಚಾಕು ಮನೆಯಲ್ಲೇ ಇರಲಿ, ತರಕಾರಿ ಹೆಚ್ಚಿಕೊಂಡೇ ಹೋಗಿ. ಅಲ್ಲಿ ಬೆಂಕಿ ಹಾಕುವ, ಕೊಂಬೆ ಕಡಿಯುವ ಯೋಚನೆಯೂ ಬೇಡ. ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸಿನಲ್ಲಿ ಹೆಸರಿನ ಮುಂದೆ ಒಂದು ಪ್ರಕರಣ ಯಾರಿಗೆ ಬೇಕು?

ಹಾಗಾದರೆ ಬುಷ್‌ಕ್ರಾಫ್ಟ್ ಕಲಿಯುವುದು ಎಲ್ಲಿ? ಅಜ್ಜಿ ಮನೆಯ ಹಿತ್ತಿಲು, ಗೆಳೆಯನ ತೋಟ, ಮಾಲೀಕರ ಒಪ್ಪಿಗೆ ಇರುವ ಕ್ಯಾಂಪಿನ ಜಾಗ ಸಾಕು. ಬಿದ್ದ ಒಣ ಅಡಿಕೆ ಸೋಗೆ, ತೆಂಗಿನ ಗರಿ, ಬಿದಿರಿನ ತುಂಡು ಇದ್ದರೆ ಕೈ ಪಳಗಲು ಇನ್ನೇನೂ ಬೇಕಿಲ್ಲ. ಒಂದು ಬಿದಿರ ತುಂಡಿನಿಂದ ಚಮಚ ಕೆತ್ತಿ ನೋಡಿ. ಕೊಂಡ ಚಾಕು ಒಳ್ಳೆಯದೋ ಅಲ್ಲವೋ ಎಂಬುದನ್ನು ಆ ಚಮಚವೇ ಹೇಳುತ್ತದೆ.